ಗುಮ್ಮಟ ಕೂತ ದಿನ

“ಅಜ್ಜಾರ, ಕಲಿಸಿದಾಂವ ಕಲತವನ್ನ ಯಾವಾಗ ಕಳಿಸಿಕೊಡಬೇಕು?”

ಮಠದ ಗುರುಗಳನ್ನು ಹೀಗೆ ಕೇಳಿದವನು ನಿರುಪಾದಿ. ಮಠದ ಪಾಠಶಾಲೆಯನ್ನು ನಡೆಸುತ್ತಿದ್ದವನು ಅವನೇ. ಹೊಳೆಯಾಚೆಯ ಊರಿನ ಸಣ್ಣ ಮಠದಲ್ಲಿ ಯಾರೂ ಇರಲಿಲ್ಲ. ಆ ಊರಿನ ಹಿರಿಯರು ಬಂದು, ನಮಗೆ ಕರಿಬಸವನನ್ನು ಕೊಡಿ ಎಂದು ಕೇಳಿಕೊಂಡಿದ್ದರು. ಕರಿಬಸವ ನಿರುಪಾದಿಯ ಮುಂದೆ ಕೂತು ಅಕ್ಷರ ತಿದ್ದಿದವನು, ಈಗ ಅವನಷ್ಟೇ ಚೆನ್ನಾಗಿ ಪಾಠ ಹೇಳುವವನು. ಇನ್ನೊಂದು ವರ್ಷ ತಡೆಯಿರಿ, ಅವನಿನ್ನೂ ಗಟ್ಟಿಯಾಗಬೇಕು ಎಂದು ನಿರುಪಾದಿ ಹಿರಿಯರನ್ನು ಸಾಗಹಾಕಿದ್ದ. ಹೋದ ವರ್ಷವೂ ಇದೇ ಮಾತು ಹೇಳಿದ್ದ. ಈ ಸಲ ಅವರು ಮುಖ ಸಪ್ಪಗೆ ಮಾಡಿಕೊಂಡು ಹೋದರು, ಕರಿಬಸವನೂ ಅಂದಿನಿಂದ ಮಾತು ಕಡಿಮೆ ಮಾಡಿದ್ದ. ನಿರುಪಾದಿಗೆ ಅದು ಚುಚ್ಚುತ್ತಿತ್ತು. ಗುರುಗಳ ಬಾಯಿಂದ ಒಂದು ಮಾತು ಬಂದರೆ ತನ್ನ ಮನಸ್ಸಿಗೆ ನೆಮ್ಮದಿಯಾದೀತು ಎಂದುಕೊಂಡು ಬಂದಿದ್ದ. ನೀ ಮಾಡಿದ್ದು ಸರಿ ಎನ್ನುವ ಮಾತೇ ಬರುತ್ತದೆ ಎಂದೂ ನಂಬಿದ್ದ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಗುಮ್ಮಟ ಕಟ್ಟುವ ಮನೆತನವೊಂದಿತ್ತು. ಅರಸನ ಗೋರಿಗೆ ಗುಮ್ಮಟ ಕಟ್ಟಿದವರು ಅವರು, ದರ್ಗಾಕ್ಕೆ ಕಟ್ಟಿದವರು ಅವರು, ಮಠದ ಗದ್ದುಗೆಗೆ ಕಟ್ಟಿದವರೂ ಅವರೇ. ಮೇಲೆ ಚಂದ್ರ ಕೂರಬೇಕೋ ಕಳಸ ಕೂರಬೇಕೋ ಎಂಬುದನ್ನು ಕಟ್ಟಿಸುವವರು ಹೇಳುತ್ತಿದ್ದರು. ಕೆಳಗಿನ ಕೆಲಸ ಎಲ್ಲಕ್ಕೂ ಒಂದೇ. ಚೌಕದ ನಾಲ್ಕು ಗೋಡೆ ಎಬ್ಬಿಸಬೇಕು. ಮೂಲೆಗಳಿಗೆ ಅಡ್ಡ ಕಮಾನು ಕೊಟ್ಟು ಚೌಕವನ್ನು ಎಂಟು ಮೂಲೆ ಮಾಡಬೇಕು. ಎಂಟು ಮೂಲೆಯನ್ನು ಸವರಿ ಸವರಿ ದುಂಡಗೆ ತರಬೇಕು. ಅದರ ಮೇಲೆ ಇಟ್ಟಿಗೆಯ ಬಳೆಗಳನ್ನು ಒಂದರ ಮೇಲೊಂದು ಇಡುತ್ತ, ಇಡುತ್ತ, ಬಳೆ ಚಿಕ್ಕದಾಗುತ್ತ ಬಂದು ನೆತ್ತಿಯಲ್ಲಿ ಮುಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಇಟ್ಟಿಗೆಗಳ ಭಾರ ಹೊರಲು ಒಳಗೆ ಮರದ ಆಸರೆ ನಿಲ್ಲಿಸಿರುತ್ತಾರೆ. ಆಸರೆಯ ಕಾಲುಗಳ ಕೆಳಗೆ ಬೆಣೆ ಬಡಿದಿರುತ್ತಾರೆ. ಗುಮ್ಮಟ ಮುಚ್ಚಿದ ಮೇಲೆ ಬೆಣೆ ಕಿತ್ತು ಆಸರೆ ಇಳಿಸಬೇಕು. ಆಗ ಇಟ್ಟಿಗೆಗೆ ಇಟ್ಟಿಗೆ ಒತ್ತಿಕೊಂಡು ಇಡೀ ಗುಮ್ಮಟ ಕೂದಲೆಳೆಯಷ್ಟು ಕೆಳಗಿಳಿದು ಬಿಗಿಯುತ್ತದೆ. ಗುಮ್ಮಟ ಕೂತಿತು ಎಂದು ಅವರು ಹೇಳುವುದು ಇದಕ್ಕೆ.

ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಆಸರೆ ಇಳಿಸುವ ದಿನ ಗುಮ್ಮಟ ಕಟ್ಟಿದವನು ಒಬ್ಬನೇ ಅದರ ನೆತ್ತಿಯ ಕೆಳಗೆ ಕೂರಬೇಕು. ಅವನಿಗೆ ಕಲಿಸಿದವನು ಸುತ್ತಿಗೆ ಹಿಡಿದು ಮೊದಲ ಬೆಣೆಯನ್ನು ಬಡಿದು ಕೀಳಬೇಕು. ಗುಮ್ಮಟ ಕೂತ ಮೇಲೆ ಕೆಳಗಿದ್ದವನು ಎದ್ದು ಬಾಗಿಲಿನಿಂದ ಹೊರಗೆ ಬಂದರೆ ಅಂದಿನಿಂದ ಅವನು ಮೇಸ್ತ್ರಿ. ಅಲ್ಲಿಯವರೆಗೆ ಎಷ್ಟೇ ಕೆಲಸ ಬರಲಿ, ಎಷ್ಟೇ ವಯಸ್ಸಾಗಲಿ, ಅವನು ಇನ್ನೊಬ್ಬರ ಕೈಕೆಳಗಿನವನೇ.

ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದರು. ತಂದೆ ಬೇಗ ತೀರಿಕೊಂಡಿದ್ದರಿಂದ ಅಣ್ಣನೇ ತಮ್ಮನನ್ನು ಸಾಕಿದ್ದ, ಗಾರೆ ಹಾಕುವ ಕರಣಿ ಹಿಡಿಯುವುದನ್ನು ಅವನೇ ಕಲಿಸಿದ್ದ. ಅಣ್ಣನ ಹೆಸರು ಸುತ್ತಲಿನ ಸೀಮೆಗೆಲ್ಲ ಗೊತ್ತಿತ್ತು. ತಮ್ಮನನ್ನು ಜನ ಗುರುತಿಸುತ್ತಿದ್ದುದೂ ಅಣ್ಣನ ಹೆಸರಿನಿಂದಲೇ. ಅವನಿಗೆ ಮದುವೆಯಾಗಿ ಮಕ್ಕಳಾಗಿದ್ದರೂ ಕೆಲಸದ ಜಾಗದಲ್ಲಿ ಅವನು ಮೇಸ್ತ್ರಿಯ ತಮ್ಮ, ಅಷ್ಟೇ. ಇದರಿಂದ ಅಣ್ಣನಿಗೆ ಒಳಗೊಳಗೇ ಹಿತವೆನಿಸುತ್ತಿತ್ತು. ಪ್ರೀತಿಯಿರುವ ಕಡೆ ಇಂಥ ಹಿತ ಇದ್ದೇ ಇರುತ್ತದೆ, ಅದಕ್ಕೆ ಅವನೇನೂ ನಾಚಿಕೊಂಡಿರಲಿಲ್ಲ.

ಒಮ್ಮೆ ಒಬ್ಬ ಶರಣರ ಗದ್ದುಗೆಗೆ ಗುಮ್ಮಟ ಕಟ್ಟುವ ಕೆಲಸ ಬಂತು. ಭಕ್ತರು ಅಣ್ಣನನ್ನೇ ಕೇಳಿಕೊಂಡು ಬಂದಿದ್ದರು. ಆದರೆ ಅಣ್ಣನ ಮೊಣಕಾಲು ಹಿಡಿದುಕೊಂಡಿತ್ತು, ಏಣಿ ಹತ್ತಲು ಆಗುತ್ತಿರಲಿಲ್ಲ. ತಮ್ಮ ಕಟ್ಟುತ್ತಾನೆ, ನಾನು ಕೆಳಗೆ ಕೂತು ನೋಡಿಕೊಳ್ಳುತ್ತೇನೆ ಎಂದ. ಭಕ್ತರು ಒಪ್ಪಿದರು.

ಅಣ್ಣ ಕೆಳಗೆ ಕೂತ. ಮೊದಮೊದಲು ಕೂಗಿ ಕೂಗಿ ಹೇಳಿದ. ಗಾರೆ ತೆಳುವಾಯಿತು ಎಂದ, ಇಟ್ಟಿಗೆ ನೆನೆದಿಲ್ಲ ಎಂದ, ಬೆಲ್ಲದ ನೀರು ಇನ್ನೂ ಸ್ವಲ್ಪ ಬೀಳಲಿ ಎಂದ. ಮೇಲಿನಿಂದ ತಮ್ಮ ಆಗಲಿ ಎನ್ನುತ್ತಿದ್ದ. ಬರಬರುತ್ತ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಬಳೆಗಳು ಏರಿದವು, ಮೂಲೆಗಳು ಎಲ್ಲಿ ಮುಗಿದು ದುಂಡು ಎಲ್ಲಿ ಶುರುವಾಯಿತು ಎಂದು ಹುಡುಕಬೇಕಾಯಿತು. ಅಣ್ಣ ಬಾಯಿ ಮುಚ್ಚಿಕೊಂಡು ಕೂತ. ಊರಿನವರು ಬಂದು ನೋಡಿ, ಮೇಸ್ತ್ರಿ ಏನೂ ಹೇಳುವುದೇ ಬೇಡ, ತಮ್ಮನ ಕೈ ತಾನಾಗಿ ಓಡುತ್ತದೆ ಎಂದು ಹೊಗಳಿದರು. ಅಣ್ಣ ನಕ್ಕ. ನಗುವುದಕ್ಕೆ ಸ್ವಲ್ಪ ಕಷ್ಟವಾಯಿತು.

ಗುಮ್ಮಟ ಮುಚ್ಚಿತು. ಅಣ್ಣ ನೋವು ಕಚ್ಚಿಕೊಂಡು ಏಣಿ ಹತ್ತಿದ. ಕರಣಿಯ ಹಿಡಿಯಿಂದ ಇಟ್ಟಿಗೆಗಳನ್ನು ತಟ್ಟಿ ತಟ್ಟಿ ಕಿವಿಗೊಟ್ಟ. ಎಲ್ಲಿಯೂ ಟೊಳ್ಳು ದನಿ ಇರಲಿಲ್ಲ. ದಾರ ಹಿಡಿದು ಅಳೆದ. ದಾರ ಎಲ್ಲಿಯೂ ಸಡಿಲವಾಗಲಿಲ್ಲ. ಒಂದೇ ಒಂದು ತಪ್ಪು ಸಿಕ್ಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಇಳಿದು ಬಂದು, ಇರಲಿ, ನಡೆಯುತ್ತದೆ ಎಂದಷ್ಟೇ ಹೇಳಿ ಮನೆಗೆ ಹೋದ.

ಆಸರೆ ಇಳಿಸುವುದಕ್ಕೆ ಒಂದು ಸಮಯವಿದೆ. ಗಾರೆಗೆ ಉಗುರು ಒತ್ತಿದರೆ ಗುರುತು ಬೀಳುತ್ತಿರಬೇಕು. ಆ ಗಾರೆ ಭಾರ ಬಿದ್ದ ಕಡೆ ತುಸು ಬಗ್ಗಿಕೊಡುತ್ತದೆ, ಗುಮ್ಮಟ ತನ್ನ ಜಾಗ ತಾನೇ ಹುಡುಕಿಕೊಂಡು ಕೂರುತ್ತದೆ. ಗಾರೆ ಕಲ್ಲಾದ ಮೇಲೆ ಬಗ್ಗುವುದಿಲ್ಲ. ಇದನ್ನು ತಮ್ಮನಿಗೆ ಹೇಳಿಕೊಟ್ಟವನು ಅಣ್ಣನೇ.

ತಮ್ಮ ಬಂದು ನಾಳೆ ಬೆಣೆ ಕೀಳೋಣವೇ ಎಂದು ಕೇಳಿದ. ನಾಳೆ ಅಮಾವಾಸ್ಯೆ, ಬೇಡ ಎಂದ ಅಣ್ಣ. ಅಮಾವಾಸ್ಯೆ ಹೋಯಿತು. ಈಗ ಗಾಳಿ ಜೋರಾಗಿದೆ ಎಂದ. ಗಾಳಿ ನಿಂತಿತು. ನನ್ನ ಮೊಣಕಾಲು ಸ್ವಲ್ಪ ಸರಿಹೋಗಲಿ, ಸುತ್ತಿಗೆ ಎತ್ತುವವನು ನಾನಲ್ಲವೇ ಎಂದ. ಮೊಣಕಾಲಿನ ಮಾತಿಗೆ ಯಾರು ಏನು ಹೇಳಲಾದೀತು? ಕಟ್ಟಳೆಯ ಪ್ರಕಾರ ಅವನು ಬೆಣೆ ಮುಟ್ಟದೆ ಯಾರೂ ಮುಟ್ಟುವಂತಿರಲಿಲ್ಲ. ತಮ್ಮ ದಿನಾ ಹೋಗಿ ಗಾರೆಗೆ ಉಗುರು ಒತ್ತಿ ನೋಡುತ್ತಿದ್ದ. ಗುರುತು ಮಸುಕಾಗುತ್ತ ಬಂತು. ಕಡೆಗೊಂದು ದಿನ ಅವನು ಅಣ್ಣನ ಎದುರು ಬಂದು ನಿಂತ.

“ಅಣ್ಣಾ, ಗಾರಿ ಕಲ್ಲಾಗಾಕ ಹತ್ತೈತಿ. ಇನ್ನ ತಡಾ ಮಾಡಿದ್ರ ಅದು ಕುಂದ್ರೂದಿಲ್ಲ.”

“ನಿನ್ನ ಮ್ಯಾಲೆ ಬಿದ್ರ ನಿನ್ನ ಮಕ್ಕಳಿಗೆ ನಾ ಏನ ಹೇಳ್ಲಿ? ಆಸರ ಇದ್ರ ಏನ ಕೆಡತೈತಿ, ಇರ್ಲಿ ಬಿಡು.”

ಮಕ್ಕಳ ಹೆಸರು ಎತ್ತಿದ ಮೇಲೆ ತಮ್ಮ ತಿರುಗಿ ಹೋದ. ತನ್ನ ಮೇಲಿನ ಅಕ್ಕರೆಯಿಂದಲೇ ಅಣ್ಣ ಹೀಗೆ ಹೇಳುತ್ತಿದ್ದಾನೆ ಎಂದು ನಂಬಿದ. ಅಣ್ಣನೂ ಹಾಗೇ ನಂಬಿದ್ದ. ನಂಬುವುದು ಸುಲಭವಾಗಿಯೂ ಇತ್ತು.

ಮಳೆಗಾಲ ಬಂತು. ಆಸರೆ ಇಳಿಸಿ ಗುಮ್ಮಟ ಕೂತ ಮೇಲೆಯೇ ಹೊರಗೆ ಗಾರೆ ಮೆತ್ತಿ ಗಿಲಾವು ಮಾಡುವುದು. ಇಲ್ಲಿ ಗಿಲಾವು ಇಲ್ಲದ ಬರೀ ಇಟ್ಟಿಗೆಯ ಮೇಲೆ ಮಳೆ ಹೊಡೆಯಿತು. ನೀರು ಒಳಗೆ ಜಿನುಗಿ ಆಸರೆಯ ಮರಕ್ಕೆ ಇಳಿಯಿತು. ಮರ ನೀರು ಕುಡಿದು ಉಬ್ಬಿತು. ಗುಮ್ಮಟ ಕೆಳಗಿಳಿದು ಕೂರಬೇಕಾಗಿತ್ತು, ಆಸರೆ ಅದನ್ನು ಮೇಲಕ್ಕೆ ದಬ್ಬಿತು. ಗಾರೆ ಆಗಲೇ ಕಲ್ಲಾಗಿತ್ತು, ಬಗ್ಗಲಿಲ್ಲ. ಒಂದು ಬೆಳಿಗ್ಗೆ ಪೂಜೆಯವನು ಬಂದು ನೋಡಿದಾಗ ನೆತ್ತಿಯಿಂದ ಮೂಲೆಯ ಕಮಾನಿನ ತನಕ ಕೈಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು.

ಊರು ಕೂಡಿತು. ಯಾರಿಗೂ ಮರದ ಮೇಲೆ ಅನುಮಾನ ಬರಲಿಲ್ಲ. ತಮ್ಮನ ಕೈ ಇನ್ನೂ ಹದವಾಗಿಲ್ಲ, ಮೇಸ್ತ್ರಿ ಮುಂದಾಲೋಚನೆಯಿಂದ ಆಸರೆ ಇಟ್ಟಿದ್ದಕ್ಕೆ ಬಚಾವಾಯಿತು, ಇಲ್ಲದಿದ್ದರೆ ಹೆಣ ಬೀಳುತ್ತಿತ್ತು ಎಂದು ಎಲ್ಲರೂ ಮಾತಾಡಿಕೊಂಡರು. ಅಣ್ಣ ಅಲ್ಲಿಯೇ ನಿಂತಿದ್ದ. ಬಿರುಕು ಒಳಗಿನಿಂದ ಹೊರಕ್ಕೆ ಬಾಯಿ ತೆರೆದದ್ದು ಅವನಿಗೆ ಕಾಣುತ್ತಿತ್ತು. ಮೇಲಕ್ಕೆ ದಬ್ಬಿದ ಗುಮ್ಮಟ ಹಾಗೆ ಬಿರಿಯುತ್ತದೆ, ಕೆಟ್ಟ ಕೈಯವನು ಕಟ್ಟಿದ್ದು ಹಾಗೆ ಬಿರಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಆ ಮಾತು ಆಡಲಿಲ್ಲ. ತಮ್ಮನೂ ಬಿರುಕನ್ನು ನೋಡಿದ, ಆಮೇಲೆ ಅಣ್ಣನನ್ನು ನೋಡಿದ. ಅಣ್ಣ ಮುಖ ತಿರುಗಿಸಿಕೊಂಡ.

ಬಿರಿದ ಗುಮ್ಮಟವನ್ನು ಇಳಿಸಲೇಬೇಕಾಗಿತ್ತು. ತಮ್ಮ ಒಬ್ಬೊಬ್ಬ ಭಕ್ತನ ಮನೆಗೂ ಹೋಗಿ ಇನ್ನೊಮ್ಮೆ ಕಟ್ಟಿಕೊಡುತ್ತೇನೆ ಎಂದು ಕೇಳಿದ. ಕೆಲವರು ಬಾಗಿಲಿನಲ್ಲಿಯೇ ನಿಲ್ಲಿಸಿ ಮಾತಾಡಿದರು. ಕಡೆಗೆ ಗದ್ದುಗೆಯ ಪೂಜೆಯವನು, ಕಟ್ಟಲಿ ಬಿಡಿ, ಕೆಡವಿದವನಿಗೆ ಕಟ್ಟುವ ಋಣವೂ ಇರುತ್ತದೆ ಎಂದು ಒಪ್ಪಿಸಿದ. ತಾನು ಕೆಡವಿಲ್ಲ ಎಂದು ತಮ್ಮ ಹೇಳಲಿಲ್ಲ. ಇಟ್ಟಿಗೆ ಇಟ್ಟಿಗೆಯನ್ನೂ ಬಿಡಿಸಿ, ಹಳೆಯ ಗಾರೆ ಕೆರೆದು, ಅವೇ ಇಟ್ಟಿಗೆಗಳಿಂದ ಮತ್ತೆ ಬಳೆ ಏರಿಸಿದ. ಈ ಸಲ ಅಣ್ಣ ಕೆಲಸದ ಜಾಗಕ್ಕೆ ಬರಲಿಲ್ಲ. ಮೊಣಕಾಲು ಎಂದ.

ಗುಮ್ಮಟ ಮುಚ್ಚಿತು. ಉಗುರು ಒತ್ತಿದರೆ ಗುರುತು ಬೀಳುತ್ತಿದ್ದ ಹೊತ್ತಿಗೆ ತಮ್ಮ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಅಣ್ಣನ ಮನೆಗೆ ಬಂದ. ಅಂಗಳದಲ್ಲಿ ನಿಂತೇ ಹೇಳಿದ.

“ನಾ ಹೋಗಿ ಒಳಗ ಕುಂದ್ರತೀನಿ. ನೀ ಬಂದ್ರ ನಿನ್ನ ಕೈಲೆ ಆಗ್ಲಿ. ಬರದಿದ್ರ ಕುಂತಲ್ಲಿಂದನ ಬೆಣಿ ಬಡೀತೀನಿ. ಕಟ್ಟಳೆ ಮುರಿದ್ರ ಮುರೀಲಿ, ಗುಮ್ಮಟ ಮುರಿಯೂದು ಬ್ಯಾಡ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣನಿಗೆ ಅದೇ ತಡೆಯದಾಯಿತು. ಸಿಟ್ಟು ಮಾಡಿದ್ದರೆ ತಾನೂ ಸಿಟ್ಟು ಮಾಡಬಹುದಿತ್ತು. ತಮ್ಮ ಹೋದ ಮೇಲೆ ಎದ್ದು ಗೋಡೆಗೆ ಒರಗಿಸಿದ್ದ ಸುತ್ತಿಗೆ ತೆಗೆದುಕೊಂಡು ಕುಂಟುತ್ತ ಹೊರಟ. ದಾರಿಯಲ್ಲಿ ಸಿಕ್ಕವರು ಬೇಡ ಮೇಸ್ತ್ರಿ, ಒಮ್ಮೆ ನೋಡಿದ್ದು ಸಾಲದೇ ಎಂದರು. ಅವನು ನಿಲ್ಲದೆ ನಡೆದ.

ಗದ್ದುಗೆಯ ಮುಂದೆ ಜನ ದೂರ ಸರಿದು ನಿಂತಿದ್ದರು. ತಮ್ಮನ ಹೆಂಡತಿ ಮಕ್ಕಳನ್ನು ಹಿಡಿದುಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು. ತಮ್ಮ ನೆತ್ತಿಯ ಕೆಳಗೆ, ಆಸರೆಯ ಕಾಲುಗಳ ನಡುವೆ, ಊಟಕ್ಕೆ ಕೂತವನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅಣ್ಣ ಒಳಗೆ ಬಂದ. ಮೊದಲ ಬೆಣೆಯ ಮುಂದೆ ಬಗ್ಗಿದ. ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು. ತಮ್ಮ ಅವನ ಕಡೆ ನೋಡಲಿಲ್ಲ, ಮೇಲಕ್ಕೂ ನೋಡಲಿಲ್ಲ. ಎದುರಿಗಿದ್ದ ಬಾಗಿಲನ್ನು ನೋಡುತ್ತಿದ್ದ.

ಅಣ್ಣ ಬಡಿದ. ಬೆಣೆ ಜಾರಿತು. ಕುಂಟುತ್ತ ಸುತ್ತು ಬಂದು ಎಲ್ಲ ಬೆಣೆಗಳನ್ನೂ ಅವನೇ ಬಡಿದ, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಕಡೆಯ ಬೆಣೆ ಕಿತ್ತು ಬಂದಾಗ ಮೇಲೆ ಗಡುಸಾದ ಒಂದು ಸದ್ದಾಯಿತು, ತುಂಬಿದ ಮೂಟೆಯನ್ನು ನೆಲಕ್ಕೆ ಇಳಿಸಿದ ಹಾಗೆ. ಸುಣ್ಣದ ಪುಡಿ ತಮ್ಮನ ತಲೆ ಮೇಲೆ, ಹೆಗಲ ಮೇಲೆ ಉದುರಿತು. ಹೊರಗೆ ಹೆಂಗಸರು ಕಿರುಚಿದರು. ಆಮೇಲೆ ಸದ್ದಿಲ್ಲ. ಆಸರೆಗೂ ಗುಮ್ಮಟಕ್ಕೂ ನಡುವೆ ಒಂದು ಗೆರೆಯಷ್ಟು ಬೆಳಕು ಕಂಡಿತು. ಗುಮ್ಮಟ ಕೂತಿತ್ತು.

ತಮ್ಮ ಎದ್ದ. ಅಣ್ಣನ ಕಾಲು ಮುಟ್ಟಿ, ಬಾಗಿಲು ದಾಟಿ ಹೊರಗೆ ಬಂದ. ಭಕ್ತರು ಅವನನ್ನು ಮೇಸ್ತ್ರಿ ಎಂದು ಕರೆದು ಕೈ ಮುಗಿದರು. ಬಾಗಿಲಿನಲ್ಲಿ ನಿಲ್ಲಿಸಿ ಮಾತಾಡಿದ್ದವರು ಎಲ್ಲರಿಗಿಂತ ಮುಂದೆ ಇದ್ದರು. ಅಣ್ಣ ಒಳಗೇ ಉಳಿದ. ತಲೆ ಎತ್ತಿ ನೋಡಿದ. ಅಷ್ಟು ಭಾರ, ಕೆಳಗೆ ಒಂದು ಕಡ್ಡಿಯ ಆಧಾರವೂ ಬೇಡದೆ ನಿಂತಿತ್ತು. ಇಷ್ಟು ಒಳ್ಳೆಯ ಗುಮ್ಮಟವನ್ನು ತಾನು ಕಟ್ಟಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಆ ದಿನ ಮೊದಲ ಸಲ ಅವನಿಗೆ ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು. ಅವನು ಹೊರಗೆ ಬಂದು ಊರವರೆದುರು, ಮೊದಲನೆಯದು ಬಿರಿದದ್ದು ನನ್ನ ಆಸರೆಯಿಂದ, ಇವನ ಕೈಯಿಂದಲ್ಲ ಎಂದು ಹೇಳಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ನಿರುಪಾದಿಗೆ ಕತೆ ಯಾರದೆಂದು ತಿಳಿಯದೆ ಇರಲಿಲ್ಲ. ಆದರೂ ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ಅವನ ಮನಸ್ಸು ಒಪ್ಪಲಿಲ್ಲ. ಅಣ್ಣ ಕೆಟ್ಟವನಲ್ಲ, ಅವನ ಹೆದರಿಕೆಯಲ್ಲಿ ನ್ಯಾಯವಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಅದನ್ನೇ ಹಿಡಿದು ಕೇಳಿದ.

“ಅಜ್ಜಾರ, ಅಣ್ಣಂದು ಏನ ತಪ್ಪು? ಗುಮ್ಮಟ ತಮ್ಮನ ಮ್ಯಾಲೆ ಬಿದ್ದೀತು ಅಂತ ಅಂಜಿದ್ದ.”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು.

“ಬಿದ್ದೀತು ಅಂತ ಅವ ಒಂದ ದಿನಾನೂ ಅಂಜಿರಲಿಲ್ಲ ನಿರುಪಾದಿ, ತಾ ಇಲ್ಲದನ ನಿಂತೀತು ಅಂತ ಅಂಜಿದ್ದ.”