ಸಾಹೇಬರ ಕೋಟಿನ ಹವಾಮಾನ

ನಮ್ಮ ಬಯಲುಸೀಮೆಯ ಊರಿಗೆ ನೀರು ಬಿಡುವ, ಸುದ್ದಿಯನ್ನೂ ಸಾರುವ ನೀರಗಂಟಿ ಫಕೀರಪ್ಪನ ಗಂಟಲಿಗೆ ಪಂಚಾಯ್ತಿಯ ಮೈಕೇ ಹೆದರುತ್ತಿತ್ತು. ಆ ದಿನ ಕಣದ ತುಂಬ ಕೆಂಪು ಮೆಣಸಿನಕಾಯಿ ಹರಡಿತ್ತು. ಚಂದ್ರನೂ ಸೀನಬೇಕು, ಅಷ್ಟು. ಅದು ನೆನೆದರೆ ಊರಿನ ವರ್ಷದ ದುಡಿಮೆಯೇ ಕೊಳೆತಂತೆ.

ಹವಾಮಾನ ಇಲಾಖೆಯ ಸಾಹೇಬರು ಪಂಚಾಯ್ತಿ ಕಚೇರಿಗೆ ಬಂದು, ಧೂಳಾದ ಕೋಟನ್ನು ತೊಳೆಸಿ ಹೊರಗೋಡೆಯ ಮೇಲೆ ಹಾಕಿಸಿ, ಚೀಟಿ ಕೊಟ್ಟರು. "ಬರೆದಂತೆಯೇ ಓದು. ಒಂದಕ್ಷರ ಬದಲಿಸಿದರೂ ಕೆಲಸ ಹೋಯ್ತು."

ಫಕೀರಪ್ಪ ಮೈಕಿನಲ್ಲಿ ಓದಿದ: "ವಾಯುಭಾರ ಕುಸಿತದ ಪರಿಣಾಮವಾಗಿ ಅಲ್ಲಲ್ಲಿ ವರ್ಷಧಾರೆಯ ಸಂಭಾವ್ಯತೆ ಗೋಚರಿಸಿದೆ." ಕಿಟಕಿಯಲ್ಲಿ ಇಣುಕಿದ. ಊರು ಎಲೆ ಅಡಿಕೆ ಮೆಲ್ಲುತ್ತ ಕೂತಿತ್ತು, ಒಬ್ಬರೂ ಏಳಲಿಲ್ಲ.

ಅವನು ಮೈಕು ಆರಿಸದೆಯೇ ಮೆಲ್ಲಗೆ ಕೇಳಿದ: "ಸಾಹೇಬ್ರ, ತೊಳೆದು ಗ್ವಾಡಿ ಮ್ಯಾಲೆ ಒಣಹಾಕಿದ ನಿಮ್ಮ ಕೋಟು ಅಲ್ಲೇ ಇರ್ಲೇನ್ರಿ?"

"ತಲೆ ಇದೆಯೇನಯ್ಯಾ? ಇನ್ನೊಂದು ತಾಸಿಗೆ ಮಳೆ ಹೊಯ್ಯುತ್ತೆ, ಬೇಗ ಒಳಗೆ ತಾ."

ಊರಿನ ಕಂಬಕಂಬದ ಸ್ಪೀಕರಿನಿಂದಲೂ ಆ ಮಾತು ಗುಡುಗಿತು. ಊರಿಗೂರೇ ಎದ್ದು ಕಣಕ್ಕೆ ಓಡಿತು. ಕೋಲಿಲ್ಲದೆ ನಡೆಯದ ಸಂಗವ್ವಜ್ಜಿ ಕೋಲನ್ನೇ ಹಿಂದೆ ಹಾಕಿದಳು. ಕೊನೆಯ ಚೀಲದ ಬಾಯಿ ಕಟ್ಟಿದ್ದೂ ಮಳೆ ಬಿದ್ದದ್ದೂ ಒಟ್ಟಿಗೇ.

ಸಾಹೇಬರು ಮೆಣಸಿನಕಾಯಿಗಿಂತ ಕೆಂಪಾದರು. "ನನ್ನ ವರದಿ ಬದಲಿಸಿದೆಯಾ?"

"ಇಲ್ರಿ ಸಾಹೇಬ್ರ. ನಾ ಓದಿದ್ದು ಚೀಟಿಯೊಳಗಿಂದು. ಉಳಿದದ್ದು ನಿಮ್ಮ ಬಾಯಾಗಿಂದು."

ಈಗಲೂ ವರದಿ ಓದಿದ ದಿನ ಊರವರು ಕೇಳುವುದಿಷ್ಟೇ: "ಫಕೀರಪ್ಪಾ, ಅದೆಲ್ಲ ಇರ್ಲಿ. ಸಾಹೇಬ್ರ ಕೋಟು ಹೊರಗೈತೋ, ಒಳಗೈತೋ?"