ಕಾಜಾಣನ ಕಾವಲು

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಗಂಡ ಎಲ್ಲಿದ್ದಾನೆ, ಹೆಂಡತಿ ಎಲ್ಲಿದ್ದಾಳೆ ಅಂತ ಕೂತಲ್ಲೇ ತೋರಿಸೋ ಮಾಯೆ ಈಗ ಮೊಬೈಲಿನೊಳಗೆ ಇದೆಯಂತೆ. ಕಾಡಿಗೆ ಅದು ಎಂದೋ ಬಂದು ಹೋಗಿದೆ. ಆಗ ಅದಕ್ಕೆ ರೆಕ್ಕೆ ಇತ್ತು, ದೊಡ್ಡ ಬಾಯಿಯೂ ಇತ್ತು.

ಕೆರೆ ಪಕ್ಕದ ಕಾಡಿನಲ್ಲಿ ಒಂದು ಮುದಿ ಮತ್ತಿ ಮರ. ಅದರ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ದ್ಯಾವಮ್ಮ ಮರಿ ಮಾಡಿದ್ದಳು. ಮಂಗಟ್ಟೆಗಳ ಪದ್ಧತಿ ಗೊತ್ತಲ್ಲ? ಮೊಟ್ಟೆ ಇಡುವ ಕಾಲ ಬಂದರೆ ಹೆಂಡತಿ ಪೊಟರೆ ಸೇರಿ, ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಬಿಡ್ತಾಳೆ. ಕೊಕ್ಕು ತೂರುವಷ್ಟು ಸಂದಿ ಮಾತ್ರ. ಗಂಡ ಹಣ್ಣು ತಂದರೆ ಊಟ, ತರದಿದ್ದರೆ ತಾಯಿ ಮರಿ ಎಲ್ಲ ಉಪವಾಸ.

ಗಂಡ ಕೊಕ್ಕೇಗೌಡ ತಪ್ಪದೆ ಹಣ್ಣು ತರುತ್ತಿದ್ದ. ಒಂದು ದಿನ ಮಾತ್ರ ತಡವಾಗಿ ಬಂದ.

“ಎಲ್ಲಿಗೆ ಹೋಗಿದ್ರಿ?”

“ಇಲ್ಲೇ.”

ಮರುದಿನ ಇನ್ನೂ ತಡ.

“ಎಲ್ಲಿಗ್ರೀ?”

“ಇಲ್ಲೇ ಕಣೇ.”

“ಈ ‘ಇಲ್ಲೇ’ ಅನ್ನೋ ಊರು ಎಷ್ಟು ದೂರ ಇದೆ ರೀ?”

ಗೌಡ ನಕ್ಕು ಹಾರಿಹೋದ. ದ್ಯಾವಮ್ಮನಿಗೆ ನಗು ಬರಲಿಲ್ಲ. ಕತ್ತಲೆಯಲ್ಲಿ ಕೂತವಳಿಗೆ ಅನುಮಾನ ಬೇಗ ಬೆಳೆಯುತ್ತೆ.

ಅಷ್ಟರಲ್ಲಿ, ಇವರ ಮಾತು ಕೇಳಿಸಿಕೊಂಡಿದ್ದ ಕಾಜಾಣ ಹಕ್ಕಿ ಬಂದು ಕೊಂಬೆಯ ಮೇಲೆ ಕೂತ. “ಅಕ್ಕಾ, ನಾನು ಭಾವನ ಹಿಂದೆ ಹೋಗ್ತೀನಿ. ಎಲ್ಲಿದ್ದಾನೆ ಅಂತ ಅಲ್ಲಿಂದಲೇ ಕೂಗಿ ಹೇಳ್ತೀನಿ.”

“ನಿಮ್ಮ ಭಾವನಿಗೆ ಗೊತ್ತಾಗಬಾರದು, ನೋಡು.”

“ಹಕ್ಕಿ ಅಂದಮೇಲೆ ಕೂಗಲ್ವಾ? ಯಾರಿಗೆ ಗೊತ್ತಾಗುತ್ತೆ, ಬಿಡು!”

ಶುರುವಾಯಿತು ನೋಡಿ. “ಗೌಡ ಆಲದ ಮರದಲ್ಲಿದ್ದಾನೆ!” “ಗೌಡ ಬಂಡೆ ಮೇಲಿದ್ದಾನೆ!” “ಗೌಡ ಗೊರವಂಕದ ಜೊತೆ ಮಾತಾಡ್ತಿದ್ದಾನೆ!”

“ಯಾವ ಗೊರವಂಕ? ಗಂಡೋ ಹೆಣ್ಣೋ?” ಅಂತ ದ್ಯಾವಮ್ಮ ಸಂದಿಯಿಂದ ಕಿರುಚಿದಳು. ಸುದ್ದಿ ಬಂದಷ್ಟೂ ಅವಳ ನೆಮ್ಮದಿ ಕೆಟ್ಟಿತು. ಗೌಡನೋ, ಕಾಜಾಣನ ಗಲಾಟೆ ಇದ್ದದ್ದೇ ಅಂತ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಕಾಡಿನಲ್ಲಿ ಕಿವಿ ಇದ್ದದ್ದು ಅವಳೊಬ್ಬಳಿಗೇನಾ? ಒಣಮರದ ತುದಿಯಲ್ಲಿ ಗಿಡುಗನೂ ಕೂತಿದ್ದ. “ಬೇಟೆ ಹುಡುಕಿ ಹುಡುಕಿ ಕಣ್ಣು ಬೇನೆ ಬಂದಿತ್ತು. ಈಗ ವಿಳಾಸ ಮನೆಗೇ ಬರ್ತಿದೆಯಲ್ಲಪ್ಪ!” ಅಂದುಕೊಂಡ.

“ಗೌಡ ಗೋಣಿ ಮರದ ಕೆಳಗಿನ ಕೊಂಬೆಯಲ್ಲಿದ್ದಾನೆ!” ಅಂತ ಕಾಜಾಣ ಕೂಗಿದ್ದೇ ತಡ, ಗಿಡುಗ ಎರಗಿಬಿಟ್ಟ. ಗೌಡನ ಬಾಲದ ಗರಿ ಗಿಡುಗನ ಕಾಲಿಗೆ ಸಿಕ್ಕಿತು, ಗೌಡ ಮುಳ್ಳುಪೊದೆಯೊಳಗೆ ನುಗ್ಗಿದ.

“ಅಕ್ಕಾ, ಗಿಡುಗ ಮೇಲೆ ಬಿದ್ದ! ಭಾವ ಪೊದೆಯಲ್ಲಿದ್ದಾನೆ! ಎಡಗಡೆ, ಎಡಗಡೆ!”

ಗಿಡುಗ ಎಡಗಡೆಗೇ ತಿರುಗಿದ.

“ಅಯ್ಯೋ, ಬಾಯಿ ಮುಚ್ಚೋ! ಬಾರೋ ಇಲ್ಲಿ!” ದ್ಯಾವಮ್ಮನ ಜೀವ ಬಾಯಿಗೆ ಬಂದಿತ್ತು.

ಕಾಜಾಣ ಹಾರಿ ಬಂದ. “ನೀನೇ ತಾನೆ ಒಪ್ಪಿದ್ದು, ಎಲ್ಲಿದ್ದಾನೆ ಅಂತ ಕೂಗೋಕೆ?”

ದ್ಯಾವಮ್ಮ ಸಂದಿಯಿಂದ ಪಿಸುಗುಟ್ಟಿದಳು. “ಕೆರೆ ಆಚೆ ಇದ್ದಾನೆ ಅಂತ ಕೂಗು. ಬೇಗ!”

ಕಾಜಾಣ ರೆಪ್ಪೆ ಬಡಿಯದೆ ಕೂಗಿದ: “ಗೌಡ ತಪ್ಪಿಸಿಕೊಂಡ! ಕೆರೆ ಆಚೆ ಏರಿ ಮೇಲಿದ್ದಾನೆ!” ಅಲ್ಲಿಯವರೆಗೆ ಬಂದ ಸುದ್ದಿಯೆಲ್ಲ ನಿಜವಾಗಿತ್ತಲ್ಲ, ಗಿಡುಗ ನಂಬಿ ಅತ್ತ ಹಾರಿದ.

‘ಎಷ್ಟು ಸಲೀಸಾಗಿ ಸುಳ್ಳು ಹೇಳಿದ! ಇವನ ಮಾತು ಕೇಳಿ ಗಂಡನನ್ನು ಅಳೆಯೋಕೆ ಹೊರಟಿದ್ದೆನಲ್ಲ’ ಅಂತ ದ್ಯಾವಮ್ಮನಿಗೆ ನಾಚಿಕೆಯಾಯಿತು. ಕಾಜಾಣನನ್ನು ಅಲ್ಲಿಂದ ಸಾಗಹಾಕಿದಳು.

ಸ್ವಲ್ಪ ಹೊತ್ತಿಗೆ ಗೌಡ ಬಂದ. ಬಾಲ ಮೋಟು, ಗಂಟಲು ತುಂಬ ಗೋಣಿ ಹಣ್ಣು. ದ್ಯಾವಮ್ಮ ಅಳುತ್ತಾ ಎಲ್ಲ ಒಪ್ಪಿಕೊಂಡಳು.

ಗೌಡನಿಗೆ ನೋವಾಯಿತು. “ನಿನ್ನ ಪ್ರಾಣವನ್ನೇ ನನ್ನ ಕೊಕ್ಕಿಗೆ ಒಪ್ಪಿಸಿ ಕೂತಿದ್ದೀಯ. ಒಂದು ಮಾತು ನನ್ನನ್ನೇ ಕೇಳಬಾರದಿತ್ತಾ?”

“ಕೇಳಿದೆನಲ್ಲ. ‘ಇಲ್ಲೇ’ ಅಂದ್ರಿ.”

ಗೌಡ ಕೊಕ್ಕು ಕೆರೆದುಕೊಂಡ. “ಹತ್ತಿರದ ಅತ್ತಿ ಮರವನ್ನ ಮಂಗಗಳು ಬರಿದು ಮಾಡಿದ್ದವು ಕಣೇ. ದೂರ ಹೋಗಬೇಕಿತ್ತು. ಹೇಳಿದರೆ ಹೆದರ್ತೀಯ ಅಂತ ಮುಚ್ಚಿಟ್ಟೆ. ನನ್ನದೂ ತಪ್ಪೇ.”

ಅವತ್ತಿನಿಂದ ಗೌಡ ಮನೆಗೆ ಬಂದರೆ ಯಾವ ಮರ, ಯಾವ ಕೊಂಬೆ, ದಾರಿಯಲ್ಲಿ ಯಾರು ಸಿಕ್ಕರು, ಏನಂದರು ಅಂತ ಶುರುಮಾಡಿದರೆ ಮುಗಿಸುತ್ತಲೇ ಇರಲಿಲ್ಲ. ಕೊನೆಗೆ ದ್ಯಾವಮ್ಮನೇ ಸಂದಿಯಿಂದ ಕೊಕ್ಕು ಚಾಚಿ, “ನಂಬಿದೆ ಮಾರಾಯ್ರೆ, ನಂಬಿದೆ! ಮೊದಲು ಹಣ್ಣು ಕೊಡಿ!” ಅನ್ನುತ್ತಿದ್ದಳು.

ನೀತಿ: ಜೊತೆಯವರ ಮೇಲೆ ಕದ್ದು ಕಾವಲಿಟ್ಟರೆ ಶತ್ರುವಿಗೆ ದಾರಿ ತೋರಿಸಿದಂತೆ, ಅನುಮಾನ ಬಂದರೆ ಅವರನ್ನೇ ಕೇಳಬೇಕು, ಕೇಳಿದವರಿಗೆ ಮುಚ್ಚಿಡದೆ ಹೇಳಬೇಕು.