ಕೈಕುರಿ

ಹುಚ್ಚಯ್ಯಜ್ಜನ ಮಠಕ್ಕೆ ಗೋಡೆ ಇರಲಿಲ್ಲ. ಒಂದು ಕಡೆ ಹೊಳೆ, ಒಂದು ಕಡೆ ಕಲ್ಲಿನ ಮಂಟಪ, ನಡುವೆ ಸುಡುವ ಮರಳು.

ಮಂಟಪದ ನೆಲದ ಮೇಲೆ ಹುಲಿ-ಕುರಿ ಆಟದ ಮನೆ ಕೊರೆದಿತ್ತು. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಕರಿಕಲ್ಲು, ಕುರಿಗೆ ಹುಣಸೆಬೀಜ.

ಹುಲಿ ಪಕ್ಕದ ಕುರಿಯನ್ನು ಹಾರಿ ಅದರ ಹಿಂದಿನ ಖಾಲಿ ಜಾಗದಲ್ಲಿ ಇಳಿದರೆ ಆ ಕುರಿ ಸತ್ತಂತೆ. ಐದು ಕುರಿ ತಿಂದರೆ ಹುಲಿ ಗೆದ್ದಿತು. ಮೂರೂ ಹುಲಿಗಳನ್ನು ಕದಲದಂತೆ ಕಟ್ಟಿಹಾಕಿದರೆ ಕುರಿ ಗೆದ್ದಿತು.

ಪ್ರತಿ ಬೇಸಿಗೆಯಲ್ಲಿ ಮೂರು ದಿನ ಪಂದ್ಯ. ದಿನಕ್ಕೊಂದು ಆಟ. ಎರಡು ಗೆದ್ದವರ ಕಡೆಯವರಿಗೆ ವರ್ಷವಿಡೀ ಮಂಟಪದ ನೆರಳು. ಸೋತವರಿಗೆ ಮರಳು.

ಮಂಟಪದಲ್ಲಿ ಊರಿನ ದೊಡ್ಡ ಮನೆಯವರು ಕೂರುತ್ತಿದ್ದರು. ಮರಳಿನಲ್ಲಿ ಹರಿಗೋಲು ಹಾಕುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು. ಎಷ್ಟು ವರ್ಷದಿಂದ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷದ ಪಂದ್ಯದ ಮೊದಲ ದಿನ ಹರಿಗೋಲಿನ ನಿಂಬೆವ್ವ ದೊಡ್ಡ ಮನೆಯ ಪರಗೌಡನನ್ನು ಸೋಲಿಸಿದಳು.

ಎರಡನೆಯ ದಿನ ಬೆಳಿಗ್ಗೆ ಶಿಷ್ಯ ಸೋಮನಿಂಗ ಗುರುವಿನ ಮುಂದೆ ಬಂದು ನಿಂತ. ಹನ್ನೆರಡು ವರ್ಷದಿಂದ ಪಂದ್ಯದ ತೀರ್ಪು ಹೇಳುವ ಕೆಲಸ ಅವನದು.

“ಅಜ್ಜಾರ, ನಿನ್ನಿ ಆಟ ರದ್ದು ಮಾಡ್ಬೇಕು ಅಂತ ಮಾಡೀನಿ.”

ಅಜ್ಜನ ಬಾಯಲ್ಲಿ ಬೇವಿನ ಕಡ್ಡಿ ಇತ್ತು.

“ಯಾಕ?”

“ನಿಂಬೆವ್ವ ಕುರಿ ಕೈಯಾಗ ಇಟ್ಕೊಂಡು ಆಡಿದ್ಲು.”

“ಕೈಯಾಗ ಬಿಟ್ಟು ಬಾಯಾಗ ಇಟ್ಕೋಬೇಕಾಗಿತ್ತೇನು?”

“ಚ್ಯಾಷ್ಟಿ ಬ್ಯಾಡ್ರಿ ಅಜ್ಜಾರ. ಎಲ್ಲಾರೂ ಹದಿನೈದೂ ಕುರಿ ಒಂದೊಂದಾಗಿ ಇಟ್ಟು, ಆಮ್ಯಾಲ ನಡಸ್ತಾರ. ಈಕಿ ಹನ್ನೊಂದು ಇಟ್ಟಾಕಿನ ನಡಸಾಕ ಶುರು ಮಾಡಿದ್ಲು. ನಾಕು ಮುಷ್ಟ್ಯಾಗ. ಹುಲಿ ಹಾರಾಕ ಹೊಂಚಿದ್ರ ಸಾಕು, ಅದು ಇಳಿಯೂ ಜಾಗಕ್ಕ ತಟ್ಟನ ಒಂದು ಬೀಜ ಇಡ್ತಾಳ. ಹುಲಿ ಎಲ್ಲಿಗಂತ ಹಾರಬೇಕು? ಮಂದಿ ಆಗಲೇ ಅದಕ್ಕ ಕೈಕುರಿ ಅಂತ ಹೆಸರಿಟ್ಟಾರ. ಅದು ಬಹಳ ಬಲ ಆತು, ನಿಲ್ಲಿಸು ಅಂತ ಗೌಡ್ರು ಹೇಳಿ ಕಳಿಸ್ಯಾರ.”

“ಹಂಗ ಆಡಬಾರದು ಅಂತ ಕಟ್ಟಳಿ ಐತೇನು?”

“ಇಲ್ರಿ. ಆಡಬಹುದು ಅಂತಾನೂ ಇಲ್ಲ. ಯಾರಿಗೂ ಹೊಳದಿರ್ಲಿಲ್ಲ.”

“ಆಕಿಗೆ ಹೆಂಗ ಹೊಳೀತು?”

“ಅದನ್ನ ಕೇಳಿಲ್ರಿ.”

“ರದ್ದು ಮಾಡಾಕ ಹೊಂಟಿ,” ಅಜ್ಜ ಕಡ್ಡಿ ಉಗುಳಿದ. “ಕೇಳಾಕ ಹೋಗಲಿಲ್ಲ. ನಡಿ.”

ನಿಂಬೆವ್ವ ದಂಡೆಯಲ್ಲಿ ಹರಿಗೋಲನ್ನು ಬೋರಲು ಹಾಕಿ ತೇಪೆ ಹಚ್ಚುತ್ತಿದ್ದಳು. ಅಜ್ಜನನ್ನು ಕಂಡು ಕೈ ಒರೆಸಿಕೊಂಡಳು.

“ಕೈಕುರಿ ಎಲ್ಲಿಂದ ತಂದೆವ್ವಾ?” ಅಜ್ಜ ಕೇಳಿದ.

“ಇದರಿಂದನ್ರಿ.” ಹರಿಗೋಲಿನ ಬೆನ್ನಿಗೆ ಒಂದು ಏಟು ಕೊಟ್ಟಳು. “ಬಂದವರನ್ನೆಲ್ಲಾ ಒಮ್ಮೆಲೇ ಹತ್ತಿಸಿಕೊಂಡ್ರ ಇದು ತಿರಗೂದಿಲ್ರಿ. ನಾಕು ಮಂದೀನ ದಂಡಿಮ್ಯಾಲ ನಿಲ್ಲಿಸೇ ಹೋಗ್ತೀನಿ. ಹ್ವಾದ ವರ್ಷ ಪಂದ್ಯ ಸೋತು ಹೊಳಿ ದಾಟೂವಾಗ ಅನ್ನಿಸ್ತು, ಕುರೀನೂ ಹಂಗ ನಿಲ್ಲಿಸಿದ್ರ ಹೆಂಗ ಅಂತ.”

ಅಜ್ಜನ ಮುಖ ಅರಳಿತು. ಅಲ್ಲೇ ಮರಳಿನ ಮೇಲೆ ಕೂತು ಬೆರಳಿನಿಂದ ಮನೆ ಗೀರಿ, ದಂಡೆಯ ಮೂರು ಕರಿಹರಳು ಆರಿಸಿಕೊಂಡ.

“ಬಾ. ನನಗ ಹುಲಿ.”

ಅಜ್ಜ ಸೋತ.

“ಇನ್ನೊಂದು.”

ಮತ್ತೆ ಸೋತ.

“ಇನ್ನೊಂದಾ ಒಂದು ಆಡವ್ವಾ.”

ಮೂರನೆಯ ಸಲ ಹುಲಿಗಳು ಮೂಲೆಯಲ್ಲಿ ಉಸಿರುಗಟ್ಟಿ ನಿಂತಾಗ ಅಜ್ಜ ತೊಡೆ ತಟ್ಟಿ ನಕ್ಕ. “ಹೊಟ್ಟಿ ಉರೀತೈತಿ ನೋಡು!”

“ನೋಡಿದ್ರಲ್ಲ,” ಸೋಮನಿಂಗ ಅಂದ. “ಇದಕ್ಕ ಮದ್ದಿಲ್ಲ.”

“ಕೈಕುರಿ ಬಲವೋ, ಈಕಿ ಬಲವೋ?”

“ಅದನ್ನ ಹೆಂಗ ತಿಳೀಬೇಕ್ರಿ?”

“ನೀ ಕುರಿ ಹಿಡಿ.” ಅಜ್ಜ ಸೋಮನಿಂಗನಿಗೆ ಅಂದು, ಮೂರು ಕರಿಹರಳುಗಳನ್ನು ನಿಂಬೆವ್ವನ ಮುಂದೆ ತಳ್ಳಿದ. “ನೀ ಹುಲಿ.”

ನಿಂಬೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

“ನಾವು ಹುಲಿ ಮುಟ್ಟೂದಿಲ್ರಿ.”

“ಯಾರು ಹೇಳ್ಯಾರ?”

ಅವಳು ಯೋಚಿಸಿದಳು. “ಯಾರೂ ಹೇಳಿಲ್ರಿ. ಮಂಟಪದವರು ಹುಲಿ, ದಂಡಿಯವರು ಕುರಿ. ನಾ ಹುಟ್ಟಿದಾಗಿಂದ ಹಂಗ ಐತಿ.”

“ಇಲ್ಲಿ ಮಂಟಪ ಇಲ್ಲ. ಆಡು.”

ಸೋಮನಿಂಗ ತೀರ್ಪು ಹೇಳುವುದರಲ್ಲಿ ಗಟ್ಟಿ, ಆಡುವುದರಲ್ಲಿ ಸೊನ್ನೆ. ಅವನು ಒಂದು ಆಟ ಗೆದ್ದದ್ದನ್ನು ಮಠದಲ್ಲಿ ಯಾರೂ ಕಂಡಿರಲಿಲ್ಲ. ಈಗ ಹನ್ನೊಂದು ಕುರಿ ಇಟ್ಟ, ನಾಲ್ಕನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. ಎರಡು ಸಲ ತಪ್ಪು ನಡೆದ. ಆದರೂ ಗೆದ್ದ.

“ಕಟ್ಟಿದೆ!” ಎಂದು ಕೂಗಿ ಎದ್ದು ನಿಂತ. ಆಮೇಲೆ ನಾಚಿ ಕೂತ.

ನಿಂಬೆವ್ವ ಮರಳಿನ ಮೇಲಿನ ಮನೆಯನ್ನು ಅಂಗೈಯಿಂದ ಅಳಿಸಿದಳು.

“ಸಿಟ್ಟಾಗಬ್ಯಾಡ್ರಿ, ಅಣ್ಣಾರ. ನಿಮ್ಮಂಥಾವ್ರು ನನ್ನ ಕಟ್ಟಿಹಾಕಿದ್ರಿ ಅಂದ್ರ ಇದು ಆಟ ಅಲ್ಲ.”

“ಮತ್ತೇನು?”

“ಏನೋ. ನಿನ್ನಿ ಗೌಡ್ರನ್ನ ಸೋಲಿಸಿದಾಗೂ ನನಗ ತಲಿ ಓಡಿಸೂದ ಬೇಕಾಗಲಿಲ್ಲ. ಸುಮ್ನ ಕಾಯ್ಕೋತ ಕುಂತಿದ್ದೆ. ಕುರಿ ಯಾರು ಹಿಡೀತಾರೋ ಅವರ ಗೆಲ್ತಾರ ಅಂದಮ್ಯಾಲ ಮನಿ ಯಾಕ ಗೀರಬೇಕ್ರಿ?”

ಸೋಮನಿಂಗನಿಗೆ ಜೀವ ಬಂದಂತಾಯಿತು. “ಕೇಳಿದ್ರ್ಯಾ ಅಜ್ಜಾರ? ಆಕೀನ ಒಪ್ಪಿದ್ಲು. ನಿಲ್ಲಿಸಿಬಿಡ್ತೀನಿ.”

“ನಿಲ್ಲಸ್ರಿ,” ನಿಂಬೆವ್ವ ಅಂದಳು. ದನಿ ಗಡುಸಾಯಿತು. “ನಿಲ್ಲಿಸಿ ನಮ್ಮನ್ನ ಮತ್ತ ಮರಳಿಗೆ ಕಳಸ್ರಿ. ನಮ್ಮವ್ವ ಈ ಮರಳಾಗ ಕೂತು ಕೂತು ಸತ್ಲು. ನನ್ನ ಮಗಳ ಅಂಗಾಲು ನೋಡೀರೇನು, ಹೆಂಗ ಬೊಬ್ಬಿ ಎದ್ದಾವ? ಕೈಕುರಿ ಚಲೋ ಅಲ್ಲ, ಒಪ್ಪಿದೆ. ಅದಿಲ್ದ ನಾವು ಯಾವಾಗ ಗೆದ್ದೀವಿ? ಅದನ್ನ ಹೇಳ್ರಿ.”

ಸೋಮನಿಂಗ ಅಜ್ಜನ ಕಡೆ ತಿರುಗಿದ.

“ಮಂಟಪದ ಕಂಬ ನೋಡ್ಕೊಂಡು ಬಾ,” ಅಜ್ಜ ಅಂದ.

ಕಂಬದ ಮೇಲೆ ವರ್ಷಕ್ಕೊಂದು ಸುಣ್ಣದ ಗೀಟು. ಹುಲಿ ಗೆದ್ದರೆ ನೆಟ್ಟಗೆ, ಕುರಿ ಗೆದ್ದರೆ ಅಡ್ಡ. ಸೋಮನಿಂಗ ಹನ್ನೆರಡು ಗೀಟು ತಾನೇ ಎಳೆದಿದ್ದ. ಒಂದು ಸಲವೂ ಎಣಿಸಿರಲಿಲ್ಲ.

ಹೋದವನು ನಿಧಾನವಾಗಿ ಬಂದ.

“ನಲವತ್ತು ಅದಾವ್ರಿ. ಮೂವತ್ತೊಂಬತ್ತು ನೆಟ್ಟಗ. ಒಂದು ಅಡ್ಡ.”

“ಆ ಒಂದು ಹೆಂಗಾತು?”

“ಆ ವರ್ಷ ಪರಗೌಡ್ರ ಅಪ್ಪಗ ಕಣ್ಣು ಬ್ಯಾನಿ ಬಂದಿತ್ತಂತ. ಕಲ್ಲು ಯಾವುದು, ಬೀಜ ಯಾವುದು ಕಾಣಲಿಲ್ಲಂತ.”

ನಿಂಬೆವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡಳು.

ಅಜ್ಜ ನಗಲಿಲ್ಲ. “ಹುಲಿ ಬಹಳ ಬಲ ಆಗೇತಿ, ನಿಲ್ಲಿಸು ಅಂತ ಯಾರರ ನಿನ್ನ ಹತ್ರ ಬಂದಿದ್ರೇನು?”

“ಇಲ್ರಿ.”

“ಕುರಿ ಗೆದ್ದು ಎಷ್ಟು ದಿನ ಆತು?”

“ಒಂದ ದಿನ.”

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

“ಹಂಗಾರ ಹುಲೀಗೇ ಬಲ ಜಾಸ್ತಿ ಅನ್ನೂಣೇನ್ರಿ?” ಸೋಮನಿಂಗ ಕೇಳಿದ.

“ನನಗ ಗೊತ್ತಿಲ್ಲ.”

“ನಿಮಗೂ ಗೊತ್ತಿಲ್ಲೇನ್ರಿ?”

“ಹುಲಿ ಬಲವೋ, ಹುಲಿ ಹಿಡಿದವರು ಬಲವೋ? ಅವು ನಲವತ್ತು ವರ್ಷ ಒಂದ ಕೈಯಾಗ ಕುಂತಾವ. ಕೈ ಬದಲಾಗಲಾರ್ದ ಹೆಂಗ ಹೇಳ್ಲಿ?”

ಅಷ್ಟರಲ್ಲಿ ಮಂಟಪದ ಕಡೆ ಜನ ಸೇರಿದ್ದರು. ಪರಗೌಡ ತನ್ನ ಜಾಗದಲ್ಲಿ ಕೂತು, ಹುಲಿಗಳನ್ನು ಆಗಲೇ ತನ್ನ ಮುಂದೆ ಇಟ್ಟುಕೊಂಡಿದ್ದ.

“ಏನಾತೋ ತೀರ್ಪು?” ದೂರದಿಂದಲೇ ಕೂಗಿದ. “ಸೆರಗಿನ್ಯಾಗ ಕುರಿ ಕಟ್ಕೊಂಡು ಬರೂದು ಎಲ್ಲಿ ಆಟ? ನಾಳೆ ಕುರಿಹಟ್ಟೀನ ಹೊತ್ಕೊಂಡು ಬರ್ತಾರ!”

ಮಂಟಪದವರು ನಕ್ಕರು.

“ಖರೆ, ಗೌಡ್ರ,” ಅಜ್ಜ ಮೆಟ್ಟಿಲು ಹತ್ತುತ್ತ ಅಂದ. “ಕೈಕುರಿಗೆ ಮದ್ದಿಲ್ಲ. ನಾನೂ ಮೂರು ಸಲ ಸೋತೆ.”

“ನಾ ಹೇಳಲಿಲ್ಲೇನ್ರಿ!”

“ಅದಕ್ಕ ಇವತ್ತು ನೀವು ಕುರಿ ಹಿಡೀರಿ. ಆಕಿ ನಾಕು ಇಟ್ಕೊಂಡಿದ್ಲು, ನೀವು ಐದು ಇಟ್ಕೋರಿ. ಗೆಲ್ಲೂದು ಖಾತ್ರಿ.”

ಗೌಡ ಅಜ್ಜನ ಮುಖವನ್ನೇ ನೋಡಿದ. ಅಜ್ಜ ಚೇಷ್ಟೆ ಮಾಡುತ್ತಿರಲಿಲ್ಲ.

“ನಾನು? ಕುರಿ?”

“ಯಾಕ?”

“ನಮ್ಮ ಮನಿತನದಾಗ ಯಾರೂ ಕುರಿ ಹಿಡಿದಿಲ್ರಿ.”

“ಹಿಡಿದ್ರ ಗೆಲ್ತೀರಿ.”

“ಸೋತ್ರ ಹುಲಿ ಹಿಡಿದ ಸೋಲ್ತೀನಿ!” ಗೌಡ ಮೂರು ಕಲ್ಲಿನ ಮೇಲೆ ಅಂಗೈ ಮುಚ್ಚಿದ. “ಹುಲಿ ನಮ್ಮದು.”

ಸೋಮನಿಂಗ ಆ ಅಂಗೈಯನ್ನು ನೋಡಿದ. ಹನ್ನೆರಡು ವರ್ಷ ಅದನ್ನು ನೋಡಿಯೇ ಇದ್ದ. ಅದು ಕಟ್ಟಳೆ ಎಂದುಕೊಂಡಿದ್ದ.

“ಹೇಳು,” ಅಜ್ಜ ಅವನಿಗೆ ಅಂದ. “ತೀರ್ಪು ನಿಂದು.”

ಸೋಮನಿಂಗ ಕಂಬದ ಪಕ್ಕ ನಿಂತ. ಮಠದ ಜೋಳ ದೊಡ್ಡ ಮನೆಯ ಕಣದಿಂದಲೇ ಬರುತ್ತಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ನಿನ್ನಿ ಗೆಲುವು ಗೆಲುವ. ಆಕಿ ಯಾವ ಕಟ್ಟಳೀನೂ ಮುರದಿಲ್ಲ.”

ದಂಡೆಯವರು ಕೇಕೆ ಹಾಕಿದರು. ಅವನು ಕೈ ಎತ್ತಿದ.

“ಇವತ್ತಿಂದ ಕೈಕುರಿ ಇಲ್ಲ. ಹದಿನೈದೂ ಇಟ್ಟಮ್ಯಾಲ ನಡಸ್ಬೇಕು.”

ಗೌಡ ಮೀಸೆ ತೀಡಿದ.

“ಇವತ್ತಿಂದ ಕಾಯಂ ಹುಲೀನೂ ಇಲ್ಲ. ಯಾರು ಹುಲಿ, ಯಾರು ಕುರಿ, ತಂಬಗಿಯಾಗ ಕೈ ಹಾಕಿ ಎತ್ತಬೇಕು.”

ಮೀಸೆಯ ಮೇಲಿನ ಕೈ ನಿಂತಿತು.

“ಏನಂದಿ? ನಾ ಕೈಕುರಿ ನಿಲ್ಲಿಸು ಅಂದೆ. ಇದನ್ನ ನಿನಗ ಯಾರು ಕೇಳಿದ್ರು?”

“ಬಲ ಜಾಸ್ತಿ ಆದದ್ದನ್ನ ನಿಲ್ಲಿಸು ಅಂದ್ರಿ, ಗೌಡ್ರ. ಹುಡುಕಿದೆ. ಎರಡು ಸಿಕ್ಕುವು.”

“ನಾ ಎದ್ದು ಹೋದ್ರ?”

“ಇವತ್ತಿನ ಆಟಾನೂ ದಂಡಿಯವರದು. ಮಂಟಪಾನೂ.”

ಗೌಡ ಅಜ್ಜನ ಕಡೆ ತಿರುಗಿದ. ಅಜ್ಜ ತಂಬಿಗೆಯೊಳಗೆ ಒಂದು ಕರಿಕಲ್ಲು, ಒಂದು ಹುಣಸೆಬೀಜ ಹಾಕಿ, ಬಾಯಿಗೆ ಬಟ್ಟೆ ಮುಚ್ಚಿ, ಅಲ್ಲಾಡಿಸಿ ಅವನ ಮುಂದೆ ಹಿಡಿದಿದ್ದ.

ಗೌಡ ಕೈ ಹಾಕಿದ. ಬೀಜ ಬಂತು.

ನಿಂಬೆವ್ವ ಎದುರು ಕೂತಳು. ಅಂಗೈಯನ್ನು ಸೀರೆಗೆ ಎರಡು ಸಲ ಒರೆಸಿ ಮೂರು ಕಲ್ಲುಗಳನ್ನು ಎತ್ತಿ, ಕೈಯಲ್ಲೇ ತೂಗಿ ನೋಡಿದಳು.

“ಒಜ್ಜಿ ಅದಾವಲ್ಲ!” ಅಂದಳು, ಯಾರಿಗೂ ಅಲ್ಲ.

ಹುಲಿಗಳು ಮನೆಯ ಮೇಲೆ ಕೂತವು. ಮೊದಲ ಕುರಿ ಗೌಡ ಇಡಬೇಕು.

ಗೌಡ ಬೀಜವನ್ನು ಬೆರಳುಗಳ ನಡುವೆ ಹಿಡಿದು ಮನೆಯ ಮೇಲೆ ಬಗ್ಗಿದ. ಹುಟ್ಟಿದಾಗಿನಿಂದ ಕಂಡ ಮನೆ. ಈ ಕಡೆಯಿಂದ ನೋಡಿರಲಿಲ್ಲ. ಒಂದು ಜಾಗದ ಹತ್ತಿರ ಕೈ ಒಯ್ದ, ಹಿಂದೆ ತೆಗೆದ. ಇನ್ನೊಂದು ಜಾಗ ನೋಡಿದ. ಅಲ್ಲೂ ಹುಲಿಗೆ ದಾರಿ ಇತ್ತು.

ಹೊತ್ತು ಹೋಯಿತು. ಹಣೆಯ ಬೆವರು ಮೂಗಿಗೆ ಇಳಿಯಿತು. ಬೀಜ ಮುಷ್ಟಿಯೊಳಗೆ ಸೇರಿಕೊಂಡಿತ್ತು.

ನಿಂಬೆವ್ವ ಅವಸರ ಮಾಡಲಿಲ್ಲ. ಅವಳ ಹಿಂದೆ ದಂಡೆಯವರು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಯಾರೂ ಕೂರು ಎನ್ನದಿದ್ದರೂ ನೆರಳಿನಲ್ಲಿ ಕೂತರು.

ಅಜ್ಜ ಗೌಡನ ಪಕ್ಕಕ್ಕೆ ಸರಿದು, ಅವನ ಭುಜದ ಮೇಲಿಂದ ಮನೆಯನ್ನು ಇಣುಕಿ ನೋಡಿದ.

“ಇಡ್ರಿ, ಗೌಡ್ರ. ಕುರಿ ಕೈಯಾಗ ಇಟ್ಕೊಂಡು ಕೂಡಬಾರದು ಅಂತ ನೀವ ಕೇಳಿದ್ರಿ.”